ಗೂಡುದೀಪದಿಂದ ಪಂಪ್‌ಶೆಡ್ಡಿನವರೆಗೆ: ಸರ್ಕ್ಯೂಟ್ ಕಟ್ಟುವುದು, ಕೆಟ್ಟರೆ ಹುಡುಕುವುದು

ಬಲ್ಬ್ ಉರಿಯದಿದ್ದಾಗ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ‘ಕರೆಂಟ್ ಬರ್ತಾ ಇದೆಯಾ?’ ಎಂಬುದು. ಟೆಸ್ಟರ್ ಚುಚ್ಚಿ ‘ಬರ್ತಾ ಇದೆ’ ಎಂದು ಖಾತ್ರಿಯಾದ ಮೇಲೂ ಬಲ್ಬ್ ಉರಿಯದೆ ಇರುವುದುಂಟು. ಬಂದ ಕರೆಂಟಿಗೆ ವಾಪಸ್ ಹೋಗಲು ದಾರಿ ಇದೆಯೇ? ಬರುವ ಹಾದಿಯಲ್ಲೇ ಎಲ್ಲಾದರೂ ವೋಲ್ಟೇಜ್ ಖರ್ಚಾಗಿ ಹೋಗುತ್ತಿದೆಯೇ? ಈ ಎರಡು ಪ್ರಶ್ನೆಗಳನ್ನು ಕೇಳಲು ಕಲಿತರೆ ಆಟಿಕೆಯಿಂದ ಹಿಡಿದು ತೋಟದ ಪಂಪಿನವರೆಗೆ ಹೆಚ್ಚಿನ ತೊಂದರೆಗಳ ಮೂಲ ಸಿಗುತ್ತದೆ. ಕಲಿಯಲು ಬೇಕಾಗುವುದು ಮೂರು ಸೆಲ್, ಒಂದು ಅಗ್ಗದ ಮೀಟರ್, ಒಂದು ಸಂಜೆ.

ದೀಪಾವಳಿಗೆ ಮನೆ ಮುಂದೆ ತೂಗುಹಾಕುವ ಗೂಡುದೀಪವನ್ನೇ ಇಲ್ಲಿ ಪಾಠಕ್ಕೆ ತೆಗೆದುಕೊಂಡಿದೆ. ಕೈಯಿಂದ ಮಾಡುವ ಕೆಲಸವೆಲ್ಲ 4.5 ವೋಲ್ಟಿನಲ್ಲಿ, ಅಂದರೆ ಶಾಕ್ ಹೊಡೆಯುವ ಭಯವಿಲ್ಲ. ಕೊನೆಗೆ ಬರುವ 230 ವೋಲ್ಟಿನ ಭಾಗ ಅರ್ಥಮಾಡಿಕೊಳ್ಳುವುದಕ್ಕೆ ಮತ್ತು ದೋಷ ಎಲ್ಲಿದೆ ಎಂದು ಊಹಿಸುವುದಕ್ಕೆ ಮಾತ್ರ. ಅಲ್ಲಿ ಸ್ಕ್ರೂ ಬಿಚ್ಚುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ದು.

ಎರಡು ಲೆಕ್ಕ ಸಾಕು

ಸೆಲ್ಲಿನ ಪ್ಲಸ್‌ನಿಂದ ಹೊರಟು, ವಯರ್, ಸ್ವಿಚ್, ಬಲ್ಬ್ ಎಲ್ಲ ದಾಟಿ ಮೈನಸ್‌ಗೆ ಮರಳುವ ಮುಚ್ಚಿದ ಸುತ್ತೇ ಸರ್ಕ್ಯೂಟ್. ಸುತ್ತು ಎಲ್ಲಿ ತುಂಡಾದರೂ ಪೂರ್ತಿ ನಿಲ್ಲುತ್ತದೆ. ಶಾಲೆಯಲ್ಲಿ ಹೇಳಿಕೊಡುವ ನೀರಿನ ಪೈಪಿನ ಹೋಲಿಕೆ ಇಲ್ಲೇ ಕೈಕೊಡುವುದು: ಪೈಪ್ ಒಡೆದರೆ ನೀರು ಅಲ್ಲಿವರೆಗೆ ಬಂದು ಹೊರಗೆ ಚೆಲ್ಲುತ್ತದೆ, ವಯರ್ ತುಂಡಾದರೆ ಕರೆಂಟ್ ತುಂಡಾದ ಜಾಗದವರೆಗೂ ಹರಿಯುವುದಿಲ್ಲ. ಬಲ್ಬಿಗೆ ಮೊದಲು ಕತ್ತರಿಸಿ, ನಂತರ ಕತ್ತರಿಸಿ, ಪರಿಣಾಮ ಒಂದೇ.

ಮೊದಲ ಲೆಕ್ಕ 1827ರಲ್ಲಿ ಗಿಯೋರ್ಗ್ ಓಮ್ ಪ್ರಕಟಿಸಿದ್ದು: ವೋಲ್ಟೇಜನ್ನು (ಕರೆಂಟನ್ನು ತಳ್ಳುವ ಒತ್ತಡ) ರೆಸಿಸ್ಟೆನ್ಸಿನಿಂದ (ಕರೆಂಟಿಗೆ ಎದುರಾಗುವ ತಡೆ) ಭಾಗಿಸಿದರೆ ಕರೆಂಟ್. ವೋಲ್ಟ್ ÷ ಓಮ್ = ಆಂಪಿಯರ್. ಎರಡನೆಯದು 1845ರ ಕಿರ್ಕಾಫ್ ನಿಯಮ: ಸುತ್ತಿನಲ್ಲಿರುವ ಒಂದೊಂದು ವಸ್ತುವಿನ ಮೇಲೆ ಬೀಳುವ ವೋಲ್ಟೇಜ್ ಎಲ್ಲವನ್ನೂ ಕೂಡಿಸಿದರೆ ಸೆಲ್ ಕೊಟ್ಟಷ್ಟೇ ಬರುತ್ತದೆ, ಒಂದು ಕಾಸೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಪುಸ್ತಕಗಳಲ್ಲಿ ಓಮ್ ನಿಯಮಕ್ಕೆ ಸಿಗುವ ಜಾಗ ಎರಡನೆಯದಕ್ಕೆ ಸಿಗುವುದಿಲ್ಲ. ರಿಪೇರಿಗೆ ಕುಳಿತವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಮಾತ್ರ ಎರಡನೆಯದೇ. 4.5 ವೋಲ್ಟ್ ಕೊಟ್ಟಿದ್ದೀರಿ, ಬಲ್ಬಿನ ಮೇಲೆ 3 ಮಾತ್ರ ಕಾಣಿಸುತ್ತಿದೆ ಎಂದರೆ ಉಳಿದ 1.5 ಎಲ್ಲೋ ಇದ್ದೇ ಇದೆ. ಹುಡುಕಬೇಕು, ಅಷ್ಟೆ.

ತರಬೇಕಾದ ಸಾಮಾನು

ಮಂಗಳೂರಿನ ಹಂಪನಕಟ್ಟೆ ಕಡೆಗೋ ಉಡುಪಿ ಪೇಟೆಗೋ ಹೋದಾಗ ರೇಡಿಯೊ, ಟಿವಿ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೇಳಿ:

- ಗೋಡೆ ಗಡಿಯಾರಕ್ಕೆ ಹಾಕುವ ಡಬಲ್ ಎ ಅಲ್ಕಲೈನ್ ಸೆಲ್ 3, ಮತ್ತು ಮೂರು ಸೆಲ್ ಕೂರುವ ಹೋಲ್ಡರ್
- 5 ಮಿಲಿಮೀಟರಿನ ಬಿಳಿ ಎಲ್‌ಇಡಿ 6 (ಸುಟ್ಟುಹೋಗುವುದಕ್ಕೆಂದು ನಾಲ್ಕು ಹೆಚ್ಚೇ ಇರಲಿ)
- 150 ಓಮ್, ಕ್ವಾರ್ಟರ್ ವ್ಯಾಟ್ ರೆಸಿಸ್ಟರ್ 6 (ಇದೂ ಹತ್ತು ತನ್ನಿ, ಬಿಡಿಗಾಸಿನ ವಸ್ತು)
- ಸಣ್ಣ ಸ್ವಿಚ್ ಒಂದು, ಕೆಂಪು ಮತ್ತು ಕಪ್ಪು ಎಳೆವಯರ್ ಎರಡೆರಡು ಮೀಟರ್
- ಬಜರ್ ಇರುವ (ಎರಡು ಕಡ್ಡಿಯ ನಡುವೆ ದಾರಿ ಕೂಡಿದ್ದರೆ ಕೂಗುವ) ಡಿಜಿಟಲ್ ಮಲ್ಟಿಮೀಟರ್
- 25 ವ್ಯಾಟ್ ಸೋಲ್ಡರಿಂಗ್ ಐರನ್, 60/40 ಸೋಲ್ಡರ್ ತಂತಿ, ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ತಾಗಿದರೆ ಬಿಗಿಯಾಗುವ ಕೊಳವೆ)

ಬೆಸುಗೆ ಹಾಕುವ ಮೊದಲು ಜೋಡಿಸಿ ನೋಡಲು ಬ್ರೆಡ್‌ಬೋರ್ಡ್ (ಬಿಡಿಭಾಗ ಚುಚ್ಚಿ ಕೂರಿಸುವ ತೂತುಗಳ ಹಲಗೆ) ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಸಳೆ ಕ್ಲಿಪ್ ಇರುವ ವಯರ್ ನಾಲ್ಕು ಸಾಕು. ಹಳೇ ಲ್ಯಾಪ್‌ಟಾಪಿನಿಂದ ಬಿಚ್ಚಿದ ಲಿಥಿಯಂ ಸೆಲ್ಲಿನಲ್ಲಿ ಕಲಿಯಲು ಹೊರಡಬೇಡಿ. ಶಾರ್ಟ್ ಆದರೆ, ಅಂದರೆ ಪ್ಲಸ್ ಮೈನಸ್ ನೇರ ತಾಗಿದರೆ, ಡಬಲ್ ಎ ಸೆಲ್ ಬಿಸಿಯಾಗುತ್ತದೆ, ಲಿಥಿಯಂ ಸೆಲ್ ಬೆಂಕಿ ಹಿಡಿಯುತ್ತದೆ. ಗೂಡುದೀಪದ ಬಣ್ಣದ ಕಾಗದ, ಬಿದಿರ ಕಡ್ಡಿಯ ಪಕ್ಕದಲ್ಲಂತೂ ಬೇಡವೇ ಬೇಡ.

ರೆಸಿಸ್ಟರಿನ ಬಣ್ಣದ ಪಟ್ಟಿ ಓದಿಯೇ ಜೇಬಿಗೆ ಹಾಕಿ. 150 ಓಮ್ ಎಂದರೆ ಕಂದು, ಹಸಿರು, ಕಂದು, ಕೊನೆಗೆ ಚಿನ್ನದ ಬಣ್ಣ. ಮೂರನೇ ಪಟ್ಟಿ ಕಂದಿನ ಬದಲು ಕಿತ್ತಳೆಯಾದರೆ ಅದು 15,000 ಓಮ್. ಎಲ್‌ಇಡಿ ಕತ್ತಲಲ್ಲಿ ಮಾತ್ರ ಮಿಣುಕೆನ್ನುತ್ತದೆ, ನೀವು ಎಲ್‌ಇಡಿ ಕೆಟ್ಟಿದೆ ಎಂದುಕೊಳ್ಳುತ್ತೀರಿ. ಮೂರನೇ ಪಟ್ಟಿಯೇ ಚಿನ್ನದ್ದಾದರೆ 1.5 ಓಮ್. ಆಗ ಎಲ್‌ಇಡಿ ಫಳಕ್ಕನೆ ಹೊಳೆದು ಸತ್ತುಹೋಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಕಂದು ಮತ್ತು ಕಿತ್ತಳೆ ಒಂದೇ ಥರ ಕಾಣುವುದರಿಂದ ಅನುಮಾನ ಬಂದರೆ ಮೀಟರನ್ನು ಓಮ್‌ಗೆ ತಿರುಗಿಸಿ ಅಳೆಯುವುದೇ ಸೈ.

ಮೊದಲು ಒಂದೇ ಎಲ್‌ಇಡಿ

1. ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ. ಹೋಲ್ಡರಿನಲ್ಲಿ ಸೆಲ್ ಹಾಕಿ ಎರಡು ತುದಿ ಅಳೆಯಿರಿ. ಹೊಸ ಸೆಲ್ಲಾದರೆ 4.5ರಿಂದ 4.8ರೊಳಗೆ ಇರಬೇಕು. ಒಂದೂವರೆಯ ಆಸುಪಾಸು ಮಾತ್ರ ಇದ್ದರೆ ಒಂದು ಸೆಲ್ ತಿರುಗಮುರುಗ ಕೂತಿದೆ, ಅದು ಇನ್ನೊಂದನ್ನು ತಿಂದುಹಾಕುತ್ತಿದೆ.

2. ಎಲ್‌ಇಡಿಯ ಉದ್ದ ಕಾಲು ಪ್ಲಸ್. ಕಾಲು ಕತ್ತರಿಸಿ ಆಗಿದ್ದರೆ ಬುಡದ ಅಂಚು ಸವರಿ ನೋಡಿ. ಚಪ್ಪಟೆಯಾಗಿರುವ ಬದಿ ಮೈನಸ್.

3. ಸೆಲ್ಲಿನ ಪ್ಲಸ್, ಸ್ವಿಚ್, 150 ಓಮ್ ರೆಸಿಸ್ಟರ್, ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು, ಸೆಲ್ಲಿನ ಮೈನಸ್. ಈ ಕ್ರಮದಲ್ಲಿ ಜೋಡಿಸಿ. ರೆಸಿಸ್ಟರ್ ಎಲ್‌ಇಡಿಗೆ ಮೊದಲು ಬಂದರೂ ನಂತರ ಬಂದರೂ ವ್ಯತ್ಯಾಸವಿಲ್ಲ. ಸುತ್ತಿನಲ್ಲಿ ಎಲ್ಲೆಡೆ ಕರೆಂಟ್ ಒಂದೇ.

4. ಸ್ವಿಚ್ ಹಾಕಿ. ಉರಿದರೆ ಸಂತೋಷ, ಆದರೆ ಪಾಠ ಇನ್ನೂ ಮುಗಿದಿಲ್ಲ. ಮೀಟರಿನ ಕಡ್ಡಿಗಳನ್ನು ರೆಸಿಸ್ಟರಿನ ಎರಡು ತುದಿಗೆ ಇಡಿ: ಸುಮಾರು 1.4 ವೋಲ್ಟ್. ಎಲ್‌ಇಡಿಯ ಎರಡು ಕಾಲಿಗೆ ಇಡಿ: ಸುಮಾರು 3.1. ಕೂಡಿಸಿದರೆ 4.5. ಸ್ವಿಚ್ಚಿನ ಎರಡು ತುದಿಗೆ ಇಡಿ: ಸೊನ್ನೆ, ಅಥವಾ ಸೊನ್ನೆಗೆ ತೀರಾ ಹತ್ತಿರ.

5. ಈಗ ಕರೆಂಟ್ ಎಷ್ಟೆಂದು ತಿಳಿಯಲು ಸರ್ಕ್ಯೂಟ್ ಕತ್ತರಿಸಬೇಕಾಗಿಲ್ಲ. 1.4 ÷ 150 = 0.0093 ಆಂಪಿಯರ್, ಅಂದರೆ 9.3 ಮಿಲಿಆಂಪಿಯರ್. ಈ ಗಾತ್ರದ ಎಲ್‌ಇಡಿಗೆ ಸಾಮಾನ್ಯವಾಗಿ 20 ಮಿಲಿಆಂಪಿಯರ್ ಮಿತಿ, ಹಾಗಾಗಿ ಅರ್ಧದಲ್ಲಿ ಆರಾಮವಾಗಿದೆ.

ಐದನೇ ಹಂತವನ್ನು ಅಭ್ಯಾಸ ಮಾಡಿಕೊಳ್ಳಿ. ಗೊತ್ತಿರುವ ರೆಸಿಸ್ಟರಿನ ಮೇಲಿನ ವೋಲ್ಟೇಜಿನಿಂದ ಕರೆಂಟ್ ಲೆಕ್ಕ ಹಾಕುವವರಿಗೆ ಮೀಟರಿನ ಆಂಪಿಯರ್ ವಿಭಾಗ ಬೇಕಾಗುವುದೇ ಅಪರೂಪ, ಮತ್ತು ಅಗ್ಗದ ಮೀಟರುಗಳು ಸಾಯುವುದು ಹೆಚ್ಚಾಗಿ ಅಲ್ಲೇ. ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಹಾಕಿ ಅಳೆದು, ಹಾಗೇ ಮರೆತು, ಮರುದಿನ ವೋಲ್ಟೇಜ್ ನೋಡಲು ಹೊರಟರೆ ಮೀಟರಿನ ಒಳಗೆ ದಪ್ಪ ತಂತಿಯ ಶಾರ್ಟ್ ಸಿದ್ಧವಾಗಿರುತ್ತದೆ. ಸೆಲ್ಲಿನಲ್ಲಾದರೆ ಸೆಲ್ ಬಿಸಿಯಾಗುತ್ತದೆ. ಪ್ಲಗ್ ಪಾಯಿಂಟಿನಲ್ಲಾದರೆ ಕಡ್ಡಿಯ ತುದಿಯೇ ಸಿಡಿಯುತ್ತದೆ. ಹಲವು ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸ್ ಕೂಡ ಇರುವುದಿಲ್ಲ. ಓಮ್ ಮತ್ತು ಬಜರ್ ವಿಭಾಗಕ್ಕೂ ಒಂದು ನಿಯಮ: ಸೆಲ್ ತೆಗೆದ ಮೇಲೆಯೇ ಅಳೆಯಬೇಕು.

ರೆಸಿಸ್ಟರ್ ಇಲ್ಲದೆ ಎಲ್‌ಇಡಿಯನ್ನು ನೇರ 4.5 ವೋಲ್ಟಿಗೆ ಕೊಟ್ಟರೆ ಏಕೆ ಸುಡುತ್ತದೆ? ಫಿಲಮೆಂಟ್ ಬಲ್ಬಿನ ಹಾಗೆ ಎಲ್‌ಇಡಿ ತನ್ನ ಕರೆಂಟನ್ನು ತಾನೇ ತಡೆದುಕೊಳ್ಳುವುದಿಲ್ಲ. 3 ವೋಲ್ಟ್ ದಾಟಿದ ಮೇಲೆ ವೋಲ್ಟೇಜ್ ಸ್ವಲ್ಪ ಏರಿದರೂ ಕರೆಂಟ್ ಹಲವು ಪಟ್ಟು ಏರುತ್ತದೆ. ‘ನಾನು ವಾಚಿನ ಸೆಲ್ಲಿಗೆ ನೇರ ಹಚ್ಚಿದ್ದೇನೆ, ಏನೂ ಆಗಿಲ್ಲ’ ಎನ್ನುವವರಿದ್ದಾರೆ. ನಿಜವೇ, ಆ ಪುಟ್ಟ ಸೆಲ್ಲಿನ ಒಳಗಿನ ರೆಸಿಸ್ಟೆನ್ಸೇ ಅಲ್ಲಿ ತಡೆಯ ಕೆಲಸ ಮಾಡಿರುತ್ತದೆ.

ಆರು ಎಲ್‌ಇಡಿಯ ಗೂಡುದೀಪ

ಒಂದರ ಹಿಂದೆ ಒಂದು ಕಟ್ಟಿದರೆ ಸೀರೀಸ್, ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಕಟ್ಟಿದರೆ ಪ್ಯಾರಲಲ್. ಎರಡು ಬಿಳಿ ಎಲ್‌ಇಡಿ ಸೀರೀಸಿನಲ್ಲಿದ್ದರೆ 3.1ರ ಎರಡು ಪಟ್ಟು, 6.2 ವೋಲ್ಟ್ ಬೇಕು. 4.5ರಲ್ಲಿ ಅವು ಉರಿಯುವುದೇ ಇಲ್ಲ, ಯಾವುದೂ ಕೆಟ್ಟಿರುವುದಿಲ್ಲ. ಆದ್ದರಿಂದ ಇಲ್ಲಿ ಪ್ಯಾರಲಲ್ಲೇ ಆಗಬೇಕು.

ಆರಕ್ಕೂ ಸೇರಿಸಿ ಒಂದೇ ರೆಸಿಸ್ಟರ್ ಹಾಕಿ ಸೋಲ್ಡರ್ ಉಳಿಸುವ ಆಸೆ ಬರುತ್ತದೆ. ಒಂದೇ ಪ್ಯಾಕೆಟಿನ ಎಲ್‌ಇಡಿಗಳೂ ತದ್ವತ್ ಒಂದೇ ಇರುವುದಿಲ್ಲ. ಒಂದು 3.0 ವೋಲ್ಟಿಗೆ ಉರಿದರೆ ಇನ್ನೊಂದಕ್ಕೆ 3.2 ಬೇಕು. ಕಡಿಮೆ ಬೇಕಾದದ್ದು ಎಲ್ಲರ ಪಾಲಿನ ಕರೆಂಟನ್ನೂ ತಾನೇ ಎಳೆದುಕೊಂಡು ಬೇಗ ಸಾಯುತ್ತದೆ, ಆಮೇಲೆ ಸರದಿ ಇನ್ನೊಂದರದ್ದು. ಪ್ರತಿ ಎಲ್‌ಇಡಿಗೆ ಅದರದ್ದೇ 150 ಓಮ್ ಕೊಡಿ.

ಗೂಡಿನ ನಡುವಿನ ಕಡ್ಡಿಯ ಉದ್ದಕ್ಕೆ ಕೆಂಪು, ಕಪ್ಪು ವಯರನ್ನು ಎರಡು ಬೆರಳು ಅಂತರದಲ್ಲಿ ಎಳೆದು ಕಟ್ಟಿ. ಆರು ಕಡೆ ಸಿಪ್ಪೆ ಸುಲಿಯಿರಿ. ಪ್ರತಿ ಎಲ್‌ಇಡಿಯ ಉದ್ದ ಕಾಲಿಗೆ ರೆಸಿಸ್ಟರ್ ಬೆಸೆದು, ರೆಸಿಸ್ಟರಿನ ಇನ್ನೊಂದು ತುದಿಯನ್ನು ಕೆಂಪಿಗೆ, ಗಿಡ್ಡ ಕಾಲನ್ನು ಕಪ್ಪಿಗೆ ಸೇರಿಸಿ. ಸ್ಲೀವನ್ನು ಬೆಸುಗೆ ಹಾಕುವ ಮೊದಲೇ ವಯರಿಗೆ ತೂರಿಸಿಡಬೇಕು. ಇದನ್ನು ಮರೆಯದವರು ಯಾರೂ ಇಲ್ಲ. ಬೆಸುಗೆಯಲ್ಲಿ ಐರನ್ನಿನಿಂದ ಬಿಸಿ ಮಾಡಬೇಕಾದದ್ದು ವಯರನ್ನು, ಸೋಲ್ಡರನ್ನಲ್ಲ. ವಯರ್ ಬಿಸಿಯಾಗಿ ಅದನ್ನು ಮುಟ್ಟಿದ ಸೋಲ್ಡರ್ ತಾನಾಗಿ ಹರಡಿ ಹೊಳೆಯಬೇಕು. ಮಂಕಾಗಿ ಗುಂಡಗೆ ನಿಂತರೆ ಅದು ಹಿಡಿದಿಲ್ಲ, ನೋಡಲು ಅಂಟಿದಂತೆ ಕಾಣುತ್ತದೆ ಅಷ್ಟೆ. ಎಲ್‌ಇಡಿಯ ಕಾಲಿನ ಮೇಲೆ ಮೂರು ಸೆಕೆಂಡಿಗಿಂತ ಹೆಚ್ಚು ಐರನ್ ಇಡಬೇಡಿ.

ಸೆಲ್ ಹಾಕುವ ಮೊದಲು ಬಜರಿನಲ್ಲಿ ಕೆಂಪು ಮತ್ತು ಕಪ್ಪು ವಯರಿನ ನಡುವೆ ಒಮ್ಮೆ ಮುಟ್ಟಿಸಿ. ಕೂಗಿದರೆ ಎಲ್ಲೋ ಶಾರ್ಟ್ ಇದೆ, ಸಾಮಾನ್ಯವಾಗಿ ಸಿಪ್ಪೆ ಸುಲಿದಲ್ಲಿ ಚಾಚಿಕೊಂಡ ಒಂದು ಎಳೆ. ಕೂಗದಿದ್ದರೆ ಸೆಲ್ ಹಾಕಿ.

ಆರು ಸೇರಿ ಎಳೆಯುವುದು 56 ಮಿಲಿಆಂಪಿಯರ್. ಒಳ್ಳೆ ಅಲ್ಕಲೈನ್ ಸೆಲ್ಲಿನ ಸಾಮರ್ಥ್ಯ 2000 ಮಿಲಿಆಂಪಿಯರ್-ಗಂಟೆಯ ಮೇಲಿರುತ್ತದೆ. ಲೆಕ್ಕಕ್ಕೆ 35 ಗಂಟೆ ಬಂತು, ಆದರೆ ಸೆಲ್ ಇಳಿದಂತೆ ಬೆಳಕೂ ಇಳಿಯುತ್ತದೆ. ಸೆಲ್ ತಲಾ 1.2 ವೋಲ್ಟಿಗೆ ಬಂದಾಗ ಎಲ್‌ಇಡಿಯ ಪಾಲಿಗೆ ಅರ್ಧಕ್ಕಿಂತಲೂ ಕಡಿಮೆ ಕರೆಂಟ್. ನರಕ ಚತುರ್ದಶಿಯಿಂದ ಬಲಿಪಾಡ್ಯದವರೆಗೆ ಮೂರು ರಾತ್ರಿ ಐದೈದು ಗಂಟೆ ಉರಿಸಲು ಧಾರಾಳ. ಚಾರ್ಜ್ ಮಾಡುವ ಡಬಲ್ ಎ ಸೆಲ್ ಹಾಕುವುದಾದರೆ ಅವು ಶುರುವಿನಿಂದಲೇ ತಲಾ 1.2 ವೋಲ್ಟ್, ಹಾಗಾಗಿ ನಾಲ್ಕು ಸೆಲ್ಲಿನ ಹೋಲ್ಡರ್ ತನ್ನಿ. ರೆಸಿಸ್ಟರ್ ಬದಲಿಸಬೇಕಿಲ್ಲ.

ಕೆಟ್ಟಾಗ ಎಲ್ಲಿ ನೋಡುವುದು

ಕರಾವಳಿಯಲ್ಲಿ ಎಲ್‌ಇಡಿ, ರೆಸಿಸ್ಟರ್ ಕೆಡುವುದಕ್ಕಿಂತ ಜಾಯಿಂಟ್ ಕೆಡುವುದೇ ಹೆಚ್ಚು. ಉಳ್ಳಾಲ, ಪಣಂಬೂರು, ಮಲ್ಪೆಯಂಥ ಕಡಲ ದಡದ ಮನೆಗಳಲ್ಲಿ ಗಾಳಿಯ ಉಪ್ಪು ಲೋಹದ ಮೇಲೆ ಕೂತು ತೇವ ಎಳೆದುಕೊಳ್ಳುತ್ತದೆ. ತಾಮ್ರಕ್ಕೆ ಹಸಿರು ಕಿಲುಬು, ಸ್ಪ್ರಿಂಗಿಗೆ ತುಕ್ಕು. ಒಂದು ಮಳೆಗಾಲ ಅಟ್ಟದಲ್ಲಿ ಕಳೆದ ಗೂಡುದೀಪ ಮಂಕಾಗಿ ಉರಿದರೆ ಸೆಲ್ ಬದಲಿಸುವ ಮೊದಲು ಹೀಗೆ ನೋಡಿ.

ಸ್ವಿಚ್ ಹಾಕಿಯೇ ಇರಲಿ. ಕಪ್ಪು ಕಡ್ಡಿಯನ್ನು ಕೊನೆಯ ಸೆಲ್ಲಿನ ಮೈನಸ್ ಮೈಗೆ, ಸ್ಪ್ರಿಂಗಿಗಲ್ಲ, ಸೆಲ್ಲಿಗೇ, ಒತ್ತಿ ಹಿಡಿಯಿರಿ. ಕೆಂಪು ಕಡ್ಡಿಯನ್ನು ಆ ಸೆಲ್ ತಾಗುವ ಸ್ಪ್ರಿಂಗಿನ ಬುಡದ ವಯರಿಗೆ ಇಡಿ. ಸೊನ್ನೆ ಬರಬೇಕಿತ್ತು. 0.4 ವೋಲ್ಟ್ ಬಂದರೆ ಕಳ್ಳ ಸಿಕ್ಕಿದ. ಲೆಕ್ಕ ನೋಡಿ: 150 ಓಮಿನ ಆರು ರೆಸಿಸ್ಟರ್ ಪ್ಯಾರಲಲ್ ಸೇರಿ 25 ಓಮ್. ಎಲ್‌ಇಡಿಯ ಪಾಲು ಹೋಗಿ ಉಳಿಯುವುದು 1.4 ವೋಲ್ಟ್. ಕಿಲುಬು 10 ಓಮ್ ಸೇರಿಸಿದರೆ 1.4 ÷ 35 = 40 ಮಿಲಿಆಂಪಿಯರ್. ಆ 10 ಓಮಿನ ಮೇಲೆ ಬಿದ್ದ ವೋಲ್ಟೇಜೇ 0.4. ಕರೆಂಟ್ 56ರಿಂದ 40ಕ್ಕೆ ಇಳಿಯಿತು. ಹೊಸ ಸೆಲ್ ತಂದು ಹಾಕಿದ್ದರೆ ಸ್ವಲ್ಪ ಸುಧಾರಿಸಿದಂತೆ ಕಂಡು ನಾಲ್ಕು ದಿನಕ್ಕೆ ಮತ್ತೆ ಅದೇ ಕತೆ.

ಇದೇ ಥರ ಪ್ರತಿ ಸ್ಪ್ರಿಂಗ್, ಸ್ವಿಚ್, ಜಾಯಿಂಟಿನ ಆಚೆ-ಈಚೆ ಅಳೆಯುತ್ತಾ ಹೋಗಿ. ಉರಿಯುತ್ತಿರುವಾಗ ವಯರಿಗೆ, ಸ್ವಿಚ್ಚಿಗೆ, ಜಾಯಿಂಟಿಗೆ ಸೊನ್ನೆಯ ಹತ್ತಿರವೇ ಬರಬೇಕು. ವೋಲ್ಟೇಜ್ ಕಾಣಬೇಕಾದದ್ದು ಕೆಲಸ ಮಾಡುವ ವಸ್ತುವಿನ ಮೇಲೆ ಮಾತ್ರ. ತೆರೆದ ಸ್ವಿಚ್ಚಿನ ಮೇಲೆ ಎಲ್‌ಇಡಿ ಸರ್ಕ್ಯೂಟಿನಲ್ಲಿ 4.5ರ ಬದಲು ಎರಡರ ಆಸುಪಾಸು ಕಂಡರೆ ಗಾಬರಿಯಾಗಬೇಡಿ. ಮೀಟರಿನ ಮೂಲಕ ಹರಿಯುವ ಅತ್ಯಲ್ಪ ಕರೆಂಟಿಗೂ ಎಲ್‌ಇಡಿ ತನ್ನ ಪಾಲು ವೋಲ್ಟೇಜ್ ಹಿಡಿದುಕೊಳ್ಳುತ್ತದೆ.

ಕಿಲುಬನ್ನು ನಯವಾದ ಮರಳು ಕಾಗದದಿಂದ ಉಜ್ಜಿ ತೆಗೆಯಿರಿ. ಅಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಅದು ಕ್ಷಾರ, ಬರಿಗೈಯಲ್ಲಿ ಮುಟ್ಟಬೇಡಿ. ಹತ್ತಿಗೆ ನಿಂಬೆರಸ ಅಥವಾ ವಿನೆಗರ್ ತಾಗಿಸಿ ಒರೆಸಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಚೆನ್ನಾಗಿ ಒಣಗಿಸಿ. ಹಬ್ಬ ಮುಗಿದ ಮೇಲೆ ಸೆಲ್ ಹೊರಗೆ ತೆಗೆದಿಟ್ಟರೆ ಇದ್ಯಾವುದೂ ಬೇಡ. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಘಟ್ಟದ ಮೇಲೆ ವರ್ಷಗಟ್ಟಲೆ ಬಾಳಬಹುದು. ಇಲ್ಲಿ ಮೊದಲ ಮಳೆಗಾಲದಲ್ಲೇ ಟೇಪಿನ ಅಂಟು ಜಾರಿ ಒಳಗೆ ತೇವ ಹೋಗುತ್ತದೆ.

ಸೀರಿಯಲ್ ಸೆಟ್ ಬೇರೆ ಜಾತಿ

ಮಾಡಿನ ಅಂಚಿಗೆ ಎಳೆಯುವ ಬಣ್ಣದ ಸೀರಿಯಲ್ ಸೆಟ್ಟುಗಳು ಸೀರೀಸಿನವು. ಹಳೇ ಅಕ್ಕಿಕಾಳು ಬಲ್ಬಿನ ಸೆಟ್ಟಿನಲ್ಲಿ ತಲಾ 6 ವೋಲ್ಟಿನ ಬಲ್ಬುಗಳು ಮೂವತ್ತೆಂಟರಷ್ಟು ಸಾಲಾಗಿ ನಿಂತು 230 ವೋಲ್ಟನ್ನು ಹಂಚಿಕೊಳ್ಳುತ್ತಿದ್ದವು. ಒಂದು ಹೋದರೆ ಸಾಲೇ ಹೋಯಿತು. ಈಗಿನ ಎಲ್‌ಇಡಿ ಸೆಟ್ಟುಗಳಲ್ಲಿ ಸಾಲನ್ನು ತುಂಡು ತುಂಡಾಗಿ ಮಾಡಿರುವುದರಿಂದ ಒಂದು ಭಾಗ ಮಾತ್ರ ಆರುತ್ತದೆ.

ಬಲ್ಬಿಗೆ ಬೀಳುವುದು ಕೆಲವೇ ವೋಲ್ಟ್ ಎಂದು ಇವನ್ನು ನಿರ್ಲಕ್ಷ್ಯದಿಂದ ಮುಟ್ಟುವವರಿದ್ದಾರೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ಟಿನಲ್ಲಿ ಆ ಸಣ್ಣ ವಯರ್ ನೇರ ಫೇಸಿಗೆ (ಲೈನಿನಿಂದ ಕರೆಂಟ್ ಬರುವ ವಯರಿಗೆ) ಸೇರಿದೆ, ಎಲ್ಲಿ ಸಿಪ್ಪೆ ಹೋಗಿದ್ದರೂ ಭೂಮಿಗೆ ಹೋಲಿಸಿದರೆ ಇನ್ನೂರು ವೋಲ್ಟಿನಷ್ಟು ಇರಬಹುದು. ತಗಡಿನ ಶೀಟ್, ಕಿಟಕಿ ಗ್ರಿಲ್, ನೀರು ಹೊಯ್ಯುವ ತುಳಸಿಕಟ್ಟೆಗೆ ಇವನ್ನು ಸುತ್ತಬೇಡಿ. ದೀಪಾವಳಿ ಹೊತ್ತಿಗೆ ಸಂಜೆ ಗುಡುಗು ಮಳೆ ಬರುವುದು ನಮ್ಮಲ್ಲಿ ಹೊಸತೇನಲ್ಲ. ತೊಂದರೆ ಹುಡುಕುವುದಿದ್ದರೆ ಪ್ಲಗ್ ಕಿತ್ತು, ಬಜರ್ ಮೀಟರಿನಲ್ಲಿ ವಯರ್ ತುಂಡಾದದ್ದೆಲ್ಲಿ ಎಂದು ನೋಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು.

ಮನೆಯ 230 ವೋಲ್ಟ್: ಟೆಸ್ಟರ್ ಹೇಳದ ಮಾತು

ನಮ್ಮ ಕಡೆಯ ವಿದ್ಯುತ್ ಕಂಪನಿ ಮೆಸ್ಕಾಂನ ಕಂಬದಿಂದ ಮನೆಗೆ ಬರುವ ಸಿಂಗಲ್ ಫೇಸಿನಲ್ಲಿ ಫೇಸ್ ಬರುವ ದಾರಿ, ನ್ಯೂಟ್ರಲ್ ಮರಳುವ ದಾರಿ. 50 ಹರ್ಟ್ಸ್ ಎಸಿ ಆದ್ದರಿಂದ ದಿಕ್ಕು ಸೆಕೆಂಡಿಗೆ ಐವತ್ತು ಸಲ ಹೋಗಿ ಬರುತ್ತದೆ, ಆದರೆ ಸುತ್ತಿನ ಲೆಕ್ಕ ಅದೇ. ಅರ್ಥ್ ವಯರ್ ಮಾಮೂಲಿ ದಿನದಲ್ಲಿ ಖಾಲಿ, ದೋಷ ಬಂದಾಗ ಮಾತ್ರ ಬಳಕೆಯಾಗುವ ದಾರಿ.

ಟೆಸ್ಟರ್ ಫೇಸ್ ಇದೆಯೇ ಎಂದಷ್ಟೇ ಹೇಳುತ್ತದೆ. ನ್ಯೂಟ್ರಲ್ ತುಂಡಾಗಿದ್ದರೂ ಅದು ಉರಿಯುತ್ತದೆ. ಪ್ಲಗ್ ಪಾಯಿಂಟಿನ ಎರಡೂ ತೂತಿನಲ್ಲಿ ಟೆಸ್ಟರ್ ಉರಿದು ಯಾವ ಉಪಕರಣವೂ ಓಡದಿದ್ದರೆ ಎಲ್ಲೋ ನ್ಯೂಟ್ರಲ್ ಕಡಿದಿದೆ. ಆನ್ ಇರುವ ಫ್ಯಾನೋ ಬಲ್ಬೋ ಫೇಸನ್ನು ದಾಟಿಸಿ ನ್ಯೂಟ್ರಲ್ ತೂತಿಗೆ ತಂದು ನಿಲ್ಲಿಸಿದೆ. ಅದನ್ನು ‘ನ್ಯೂಟ್ರಲ್ ತಾನೇ’ ಎಂದು ಮುಟ್ಟಿದರೆ ಶಾಕ್ ಖಂಡಿತ. ಹಾಗೆಯೇ ಸ್ವಿಚ್ ಫೇಸಿನಲ್ಲಿರಬೇಕು. ನ್ಯೂಟ್ರಲ್‌ಗೆ ಸ್ವಿಚ್ ಹಾಕಿದರೂ ಬಲ್ಬ್ ಆರುತ್ತದೆ, ಆದರೆ ಹೋಲ್ಡರಿನಲ್ಲಿ ಫೇಸ್ ಹಾಗೇ ಕೂತಿರುತ್ತದೆ.

ವೋಲ್ಟೇಜ್ ಖರ್ಚಾಗುವ ವಿಷಯ ಇಲ್ಲಿ ಬರೇ ಮಂಕು ಬೆಳಕಲ್ಲ, ಬೆಂಕಿ. 2000 ವ್ಯಾಟ್ ಇಂಡಕ್ಷನ್ ಒಲೆ 8.7 ಆಂಪಿಯರ್ ಎಳೆಯುತ್ತದೆ. ಹತ್ತು ಮೀಟರ್ ಉದ್ದದ, 0.75 ಚದರ ಮಿಲಿಮೀಟರಿನ ತೆಳ್ಳಗಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಅದನ್ನು ಚುಚ್ಚಿದರೆ ಹೋಗಿ ಬರುವ ಇಪ್ಪತ್ತು ಮೀಟರ್ ವಯರಿನ ಅರ್ಧ ಓಮಿನಲ್ಲಿ ಸುಮಾರು 4.4 ವೋಲ್ಟ್, ಅಂದರೆ 38 ವ್ಯಾಟ್ ಶಾಖ. ವಯರ್ ಬಿಡಿಸಿಟ್ಟರೆ ಅದು ಉದ್ದಕ್ಕೂ ಹಂಚಿಹೋಗುತ್ತದೆ, ಸುರುಳಿ ಸುತ್ತಿಟ್ಟರೆ ಸಿಪ್ಪೆ ಮೆತ್ತಗಾಗುತ್ತದೆ. ಅದೇ ಅರ್ಧ ಓಮ್ ಸಡಿಲವಾದ ಒಂದು ಸಾಕೆಟ್ ಪಿನ್ನಿನಲ್ಲಿದ್ದರೆ? 38 ವ್ಯಾಟ್ ಒಂದು ಕಡಲೆಕಾಳಿನಷ್ಟು ಜಾಗದಲ್ಲಿ. ಬೆಸುಗೆಗೆ ತಂದ ಐರನ್ 25 ವ್ಯಾಟಿನದ್ದು, ಅದು ಸೋಲ್ಡರ್ ಕರಗಿಸುತ್ತದೆ. ಪ್ಲಗ್ಗಿನ ಒಂದೇ ಪಿನ್ ಕಂದಾಗಿದ್ದರೆ ಸಾಕೆಟ್ ಬದಲಿಸಿ, ಪ್ಲಗ್ಗನ್ನೂ ಬದಲಿಸಿ. ಸುಟ್ಟ ಪಿನ್ ಹೊಸ ಸಾಕೆಟ್ಟನ್ನೂ ಸುಡುತ್ತದೆ.

ತೋಟದ ಪಂಪ್ ‘ಹುಂ’ ಎನ್ನುತ್ತದೆ, ತಿರುಗುವುದಿಲ್ಲ

ಅಡಿಕೆ, ತೆಂಗಿನ ತೋಟದಲ್ಲಿ ಮಾರ್ಚ್ ಬಂದರೆ ಈ ದೂರು ಶುರು. 1 ಎಚ್‌ಪಿ ಸಿಂಗಲ್ ಫೇಸ್ ಪಂಪ್ ಓಡುವಾಗ 6ರಿಂದ 7 ಆಂಪಿಯರ್ ಎಳೆದರೆ ಎದ್ದೇಳುವ ಕ್ಷಣದಲ್ಲಿ ಐದಾರು ಪಟ್ಟು ಬೇಕು, 35 ಎಂದಿಟ್ಟುಕೊಳ್ಳಿ. ಮೀಟರ್ ಬೋರ್ಡಿನಿಂದ ಬಾವಿಕಟ್ಟೆಗೆ 80 ಮೀಟರ್, ವಯರ್ 2.5 ಚದರ ಮಿಲಿಮೀಟರಿನ ತಾಮ್ರ. ಹೋಗಿ ಬರುವ 160 ಮೀಟರಿಗೆ 1.2 ಓಮ್. ಓಡುವಾಗ ಎಂಟು ವೋಲ್ಟ್ ಹೋದರೆ ಏನೂ ಅನ್ನಿಸದು. ಏಳುವಾಗ ಹೋಗುವುದು 42 ವೋಲ್ಟ್. ಬೇಸಿಗೆಯಲ್ಲಿ ಎಲ್ಲರ ಪಂಪೂ ಒಟ್ಟಿಗೆ ಓಡಿ ಲೈನಿನಲ್ಲೇ 200 ಇದ್ದರೆ ಮೋಟರಿಗೆ ಸಿಗುವುದು 158. ಆ ವೋಲ್ಟೇಜಿನಲ್ಲಿ ಏಳುವ ಬಲ ಬರುವುದಿಲ್ಲ. ಹಾಗೇ ಬಿಟ್ಟರೆ ಮೋಟರಿನೊಳಗಿನ ತಂತಿ ಸುರುಳಿ, ವೈಂಡಿಂಗ್, ಸುಡುತ್ತದೆ.

ಅದೇ ದೂರಕ್ಕೆ 4 ಚದರ ಮಿಲಿಮೀಟರ್ ಹಾಕಿದರೆ ಏಳುವಾಗಿನ ನಷ್ಟ ಸುಮಾರು 26 ವೋಲ್ಟಿಗೆ, 6 ಹಾಕಿದರೆ 18ಕ್ಕೆ ಇಳಿಯುತ್ತದೆ. ಅಲ್ಯೂಮಿನಿಯಂ ಆದರೆ ಅದೇ ದಪ್ಪಕ್ಕೆ ನಷ್ಟ ಒಂದೂವರೆ ಪಟ್ಟಿಗಿಂತ ಹೆಚ್ಚು. ವಯರಿಗೆ ದುಡ್ಡು ಹಾಕುವ ಮೊದಲು ಪಂಪಿನ ಬಳಿಯ ಸ್ಟಾರ್ಟರ್ ಪೆಟ್ಟಿಗೆಯ ವೋಲ್ಟ್‌ಮೀಟರನ್ನು ಗಮನಿಸಿ. ಸ್ಟಾರ್ಟ್ ಒತ್ತಿದ ಕ್ಷಣ ಮುಳ್ಳು 160ರತ್ತ ಬಿದ್ದರೆ ವಯರ್ ಅಥವಾ ಲೈನಿನ ತೊಂದರೆ. ಮುಳ್ಳು 200ರ ಮೇಲೇ ನಿಂತು ಪಂಪ್ ಮಾತ್ರ ಹುಂಗುಟ್ಟಿದರೆ ಮೋಟರ್ ಏಳಲು ನೆರವಾಗುವ ಕೆಪಾಸಿಟರ್ ಸತ್ತಿದೆ ಅಥವಾ ಪಂಪಿನೊಳಗೆ ಏನೋ ಸಿಕ್ಕಿಕೊಂಡಿದೆ. ಕೆಪಾಸಿಟರಿಗೆ ಕೈ ಹಾಕಬೇಡಿ, ಕರೆಂಟ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ.

ಮುರಕಲ್ಲಿನ ನೆಲ, ಅರ್ಥ್ ಗುಂಡಿ, ಆರ್‌ಸಿಸಿಬಿ

ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಮಳೆ ನೀರು ಬೇಗ ಇಂಗಿಹೋಗುತ್ತದೆ, ಬೇಸಿಗೆಗೆ ಅರ್ಥ್ ಗುಂಡಿ ಒಣಗಿ ಅದರ ರೆಸಿಸ್ಟೆನ್ಸ್ ಏರುತ್ತದೆ. ಪಂಪಿನ ಮೈಗೆ ಫೇಸ್ ತಾಗಿತು ಎಂದುಕೊಳ್ಳಿ. ಅರ್ಥ್ ದಾರಿ 5 ಓಮ್ ಇದ್ದರೆ 46 ಆಂಪಿಯರ್ ಹರಿದು 16 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಕಡಿಯುವ ಸ್ವಿಚ್) ಬೀಳುತ್ತದೆ. 100 ಓಮ್ ಆಗಿದ್ದರೆ ಹರಿಯುವುದು 2.3 ಆಂಪಿಯರ್. ಎಂಸಿಬಿಗೆ ಅದು ಒಂದು ಇಸ್ತ್ರಿಪೆಟ್ಟಿಗೆಗಿಂತ ಕಡಿಮೆ, ಬೀಳುವುದೇ ಇಲ್ಲ. ಪಂಪಿನ ಮೈಯಲ್ಲಿ ಶಾಕ್ ಹಾಗೇ ನಿಂತಿರುತ್ತದೆ. ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹೊಯ್ಯುವುದು ಒಳ್ಳೆಯದು, ಆದರೆ ಅದನ್ನೇ ನಂಬಿ ಕೂರುವಂತಿಲ್ಲ.

ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್ ಆದ 30 ಮಿಲಿಆಂಪಿಯರಿನ ಆರ್‌ಸಿಸಿಬಿ ನೋಡುವುದೇ ಬೇರೆ ಲೆಕ್ಕ: ಫೇಸಿನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ಮರಳಿತೇ? 0.03 ಆಂಪಿಯರ್ ಬೇರೆ ದಾರಿ ಹಿಡಿದರೂ ಸೆಕೆಂಡಿನ ಒಂದಂಶದಲ್ಲಿ ಕಡಿಯುತ್ತದೆ. 2.3 ಆಂಪಿಯರ್ ಅದಕ್ಕೆ ಎಪ್ಪತ್ತು ಪಟ್ಟು ಹೆಚ್ಚು. ನಮ್ಮ ನೆಲಕ್ಕೆ ಇದು ಐಷಾರಾಮವಲ್ಲ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ, ಬೀಳದಿದ್ದರೆ ಬದಲಿಸಿ.

ಜೂನ್, ಜುಲೈಯಲ್ಲಿ ಆರ್‌ಸಿಸಿಬಿ ಪದೇಪದೇ ಬಿದ್ದರೆ ಅದನ್ನು ಬೈಪಾಸ್ ಮಾಡಿಸುವವರೂ ಇದ್ದಾರೆ. ಅದರ ಬದಲು ಎಲ್ಲ ಎಂಸಿಬಿ ಕೆಳಗೆ ಮಾಡಿ, ಆರ್‌ಸಿಸಿಬಿ ಎತ್ತಿ, ಎಂಸಿಬಿಗಳನ್ನು ಒಂದೊಂದಾಗಿ ಎತ್ತಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಸಾಲಿನಲ್ಲಿ ತೇವ ಸೇರಿದೆ: ಗೇಟಿನ ದೀಪ, ಅಂಗಳದ ಪ್ಲಗ್, ಗೀಸರ್, ನೀರು ಒಸರುವ ಗೋಡೆಯ ಸ್ವಿಚ್ ಬೋರ್ಡ್. ಎಲ್ಲ ಎಂಸಿಬಿ ಕೆಳಗಿದ್ದರೂ ಆರ್‌ಸಿಸಿಬಿ ನಿಲ್ಲದಿದ್ದರೆ ದೋಷ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಇರುವ ಸಂಭವ ಹೆಚ್ಚು. ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಜೋಡಿಕೊಂಡಿರುತ್ತದೆ. ಆಗ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತು ಇನ್ನೊಮ್ಮೆ ಪ್ರಯತ್ನಿಸಿ. ಆಗಲೂ ನಿಲ್ಲದಿದ್ದರೆ ಬೋರ್ಡಿನಲ್ಲಿ ನ್ಯೂಟ್ರಲ್ ವಯರುಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದೊಂದೇ ಉಳಿದದ್ದು, ಅದನ್ನು ಎಲೆಕ್ಟ್ರಿಷಿಯನ್ ಮಾಡಲಿ. ಅಂಗಳದಲ್ಲಿ ಲೈನ್ ವಯರೇ ಕಡಿದು ಬಿದ್ದಿದ್ದರೆ ಹತ್ತಿರ ಸುಳಿಯದೆ, ಯಾರನ್ನೂ ಸುಳಿಯಗೊಡದೆ, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.